ಮೆಲ್ವಿನ್ಸ್‌ನವರ ಆ ಮೂರು ಸೋಲೋ ರೆಕಾರ್ಡ್‌ಗಳನ್ನು ಹೇಗೆ ಕೇಳಬೇಕು?

ಡೊಂಬಿವಲಿ ಸ್ಲೋ

ಎಲ್ಲರಿಗೂ ನಮಸ್ಕಾರ. ಮೂರು ತಿಂಗಳಿಂದ ಮೆಲ್ವಿನ್ಸ್ ಅನ್ನುವ ಅಮೆರಿಕದ ರಾಕ್ ಬ್ಯಾಂಡಿನ ಹುಚ್ಚು ಹಿಡಿದಿದೆ. ಡೊಂಬಿವಲಿಯಿಂದ ಮುಂಬೈನ ಸಿಎಸ್‌ಎಂಟಿ ನಿಲ್ದಾಣಕ್ಕೆ ಲೋಕಲ್ ರೈಲಿನಲ್ಲಿ ಹೋಗಿ ಬರುವಷ್ಟು ಹೊತ್ತೂ ಅದೇ ಕೇಳುತ್ತೇನೆ. 1993ರ 'ಹೌಡಿನಿ' ಆಲ್ಬಂ ತುಂಬಾ ಹಿಡಿಸಿತು. ಅದಕ್ಕಿಂತ ಒಂದು ವರ್ಷ ಮೊದಲು ಬ್ಯಾಂಡಿನ ಮೂವರೂ ಒಂದೊಂದು ಸೋಲೋ ಇಪಿ (ಆಲ್ಬಂಗಿಂತ ಚಿಕ್ಕ ರೆಕಾರ್ಡ್) ಮಾಡಿದ್ದರು ಅಂತ ಈಗ ಗೊತ್ತಾಯಿತು. ನಿನ್ನೆ ಬೆಳಿಗ್ಗೆ ಬೇಸಿಸ್ಟ್ ಜೋ ಪ್ರೆಸ್ಟನ್ ಅವರದ್ದು ಹಾಕಿದೆ. ಕೊನೆಯ ಟ್ರ್ಯಾಕ್ 22 ನಿಮಿಷಕ್ಕೂ ಜಾಸ್ತಿ ಇದೆ. ದಿವಾ ಹೋಯಿತು, ಮುಂಬ್ರಾ ಹೋಯಿತು, ಠಾಣೆ ಬಂದು ಗರ್ದಿ ಒಳಗೆ ನುಗ್ಗಿದರೂ ನನಗೆ ಏನೂ ಕೈಗೆ ಸಿಗಲಿಲ್ಲ. ಬಿಟ್ಟುಬಿಡಲು ಮನಸ್ಸಿಲ್ಲ. ಇಷ್ಟು ಭಾರೀ ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ನುಡಿಸುವವರು ಇಂಥದ್ದನ್ನು ಯಾಕೆ ಮಾಡಿದರು? ಯಾವುದರಿಂದ ಶುರು ಮಾಡಬೇಕು?

ಮಾಟುಂಗ ಸರ್ಕಲ್

ಮೊದಲು ಕವರ್‌ಗಳನ್ನು ನೋಡಿ. ಕಿಸ್ ಬ್ಯಾಂಡಿನ ನಾಲ್ವರು 1978ರ ಸೆಪ್ಟೆಂಬರ್ 18ರಂದು ಒಂದೇ ದಿನ ನಾಲ್ಕು ಸೋಲೋ ಆಲ್ಬಂ ಬಿಟ್ಟಿದ್ದರು. ಕಪ್ಪು ಹಿನ್ನೆಲೆಯ ಮೇಲೆ ಒಬ್ಬೊಬ್ಬರ ಮುಖ, ಹೆಸರು, ಅಷ್ಟೇ. ಮೆಲ್ವಿನ್ಸ್‌ನವರು ಆ ಕವರ್‌ಗಳನ್ನೇ ಮಾದರಿಯಾಗಿ ಇಟ್ಟುಕೊಂಡರು, ಬೋನರ್ ರೆಕಾರ್ಡ್ಸ್ ಮೂರನ್ನೂ ಹೊರತಂದಿತು. ಮೆಲ್ವಿನ್ಸ್‌ನ ಗಿಟಾರಿಸ್ಟ್, ಗಾಯಕ ಬಜ್ ಆಸ್ಬೋರ್ನ್ ಚಿಕ್ಕಂದಿನಿಂದ ಕಿಸ್ ಅಭಿಮಾನಿ, ಆ ಪ್ರೀತಿ ಇದರಲ್ಲಿ ಕಾಣುತ್ತದೆ.

ಬಜ್ ಅವರ 'ಕಿಂಗ್ ಬಜೋ'ದಿಂದ ಶುರು ಮಾಡಿ. ನಾಲ್ಕೇ ಟ್ರ್ಯಾಕ್, ಬೇಗ ಮುಗಿಯುತ್ತದೆ. ಅದರಲ್ಲಿ ಡ್ರಮ್ಸ್ ನುಡಿಸಿದ ಡೇಲ್ ನಿಕ್ಸನ್ ಬೇರೆ ಯಾರೂ ಅಲ್ಲ, ಆಗ ನಿರ್ವಾಣ ಬ್ಯಾಂಡಿನ ಡ್ರಮ್ಮರ್ ಆಗಿದ್ದ ಡೇವ್ ಗ್ರೋಲ್. ಆ ಹೆಸರಿಗೂ ಒಂದು ಕಥೆ ಇದೆ. 1984ರಲ್ಲಿ ಬ್ಲ್ಯಾಕ್ ಫ್ಲ್ಯಾಗ್ ಬ್ಯಾಂಡಿನ 'ಮೈ ವಾರ್' ಆಲ್ಬಂನಲ್ಲಿ ಗಿಟಾರಿಸ್ಟ್ ಗ್ರೆಗ್ ಗಿನ್ ಬೇಸ್ ಕೂಡ ತಾವೇ ನುಡಿಸಿ, ಬೇಸಿಸ್ಟ್ ಜಾಗದಲ್ಲಿ ಡೇಲ್ ನಿಕ್ಸನ್ ಅಂತ ಹಾಕಿಸಿದ್ದರು. ಅದೇ ಆಲ್ಬಂನ ಎರಡನೇ ಬದಿಯಲ್ಲಿ ಹಾರ್ಡ್‌ಕೋರ್ (ವೇಗದ ಪಂಕ್) ಬ್ಯಾಂಡೊಂದು ಇದ್ದಕ್ಕಿದ್ದಂತೆ ಎಳೆದೆಳೆದು ನಿಧಾನಕ್ಕೆ ನುಡಿಸಿತು. ಮೆಲ್ವಿನ್ಸ್‌ನ ನಿಧಾನದ ಬೇರು ಅಲ್ಲೇ ಇದೆ. ಹಾಗಾಗಿ ಆ ಸುಳ್ಳು ಹೆಸರನ್ನು ನಾನು ಗುರುವಿಗೆ ಮಾಡಿದ ನಮಸ್ಕಾರ ಅಂತ ಓದುತ್ತೇನೆ.

ಕೋತ್ರೂಡ್ ತಂಬೂರಿ

ಜೋ ಅವರ ರೆಕಾರ್ಡ್ ಬಗ್ಗೆ ನಾನು ಸ್ವಲ್ಪ ಉದ್ದ ಬರೆಯುತ್ತೇನೆ, ಅದು ನನಗೆ ಬಹಳ ಹತ್ತಿರದ್ದು.

ನಮ್ಮದು ಮೂಲ ಧಾರವಾಡ. ಅಪ್ಪ ಪುಣೆಗೆ ಬಂದ ಮೇಲೆ ಸವಾಯಿ ಗಂಧರ್ವ ಉತ್ಸವ ತಪ್ಪಿಸುತ್ತಿರಲಿಲ್ಲ, ತಮ್ಮ ಗುರು ಕುಂದಗೋಳದ ಸವಾಯಿ ಗಂಧರ್ವರ ಹೆಸರಲ್ಲಿ ಗದಗಿನ ಭೀಮಸೇನ ಜೋಶಿಯವರು ನಡೆಸುತ್ತಿದ್ದ ಹಬ್ಬ ಅಂದರೆ ಮನೆಯ ಹಬ್ಬವೇ ಅಂತ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ಚಿಕ್ಕವನಿದ್ದಾಗ ನನಗೆ ವಿಲಂಬಿತ್ ಖಯಾಲ್ (ನಿಧಾನ ಲಯದ ಹಿಂದೂಸ್ತಾನಿ ಗಾಯನ) ಕೇಳಿದರೆ ನಿದ್ದೆ ಬರುತ್ತಿತ್ತು. "ಹಾಡು ಬರಲಿ ಅಂತ ಕಾಯಬೇಡ, ತಂಬೂರಿ ಕೇಳು" ಅಂತ ಅಪ್ಪ ಒಮ್ಮೆ ಹೇಳಿದರು. ತಂಬೂರಿಯಲ್ಲಿ ಕುದುರೆಯ (ತಂತಿಗಳನ್ನು ಎತ್ತಿ ಹಿಡಿಯುವ ಪಟ್ಟಿ) ಮೇಲೆ ತಂತಿಯ ಕೆಳಗೆ ಹತ್ತಿಯ ಎಳೆ ಇಡುತ್ತಾರಲ್ವಾ, ಅದನ್ನು ಸ್ವಲ್ಪ ಸರಿಸಿದರೆ ಒಂದೇ ತಂತಿಯೊಳಗಿಂದ ಎಷ್ಟೋ ಸ್ವರಗಳು ಝೇಂಕರಿಸುತ್ತವೆ. ಗಿಟಾರ್‌ಗೆ ಡಿಸ್ಟಾರ್ಶನ್ (ಸದ್ದನ್ನು ಒರಟಾಗಿಸುವ ಎಫೆಕ್ಟ್) ಹಾಕಿ, ತಂತಿ ಸಡಿಲಿಸಿ ಶ್ರುತಿ ಇಳಿಸಿ, ಆಂಪ್ ಜೋರು ಮಾಡಿದಾಗಲೂ ಆಗುವುದು ಹೆಚ್ಚುಕಮ್ಮಿ ಅದೇ. ಒಂದು ಸ್ವರದ ಹೊಟ್ಟೆಯಲ್ಲಿರುವ ಬೇರೆ ಸ್ವರಗಳು ಹೊರಗೆ ಬರುತ್ತವೆ.

ಜೋ ಮೆಲ್ವಿನ್ಸ್‌ಗೆ ಬರುವ ಮೊದಲು ಅರ್ಥ್ ಬ್ಯಾಂಡಿನ 1991ರ ರೆಕಾರ್ಡ್‌ನಲ್ಲಿ ನುಡಿಸಿದ್ದರು. ಅರ್ಥ್‌ನವರಂತೂ ಒಂದೇ ರಿಫ್ ಹಿಡಿದು ಗಂಟೆಗಟ್ಟಲೆ ಕೂರಬಲ್ಲವರು. ಆಮೇಲೆ ಥ್ರೋನ್ಸ್ ಅಂತ ಒಬ್ಬರೇ ಬೇಸ್ ಮತ್ತು ಡ್ರಮ್ ಮಷೀನ್ ಇಟ್ಟುಕೊಂಡು ನಡೆಸಿದರು. ಈ ಇಪಿ ಆ ಎರಡರ ನಡುವಿನ ದಾರಿ. ಅದನ್ನು ರೈಲಿನಲ್ಲಿ ಕೇಳಬೇಡಿ. ಹಳಿಯ ಗಡಗಡ ಸದ್ದು ಇರುವುದೂ ಕೆಳಗಿನ ಶ್ರುತಿಯಲ್ಲೇ, ಅದು ಈ ಸಂಗೀತವನ್ನು ನುಂಗಿಬಿಡುತ್ತದೆ. ಮನೆಯಲ್ಲಿ, ರಾತ್ರಿ, ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಕೇಳಿ.

ಮಡಗಾಂವ್ ಡಬಲ್ ಬೇಸ್

ಮಾರಾಯ್ರೇ, ಮೆಲ್ವಿನ್ಸ್ ಡ್ರಮ್ಮರ್ ಡೇಲ್ ಕ್ರೋವರ್ ಹೆಸರೇ ಯಾರೂ ಎತ್ತಲಿಲ್ಲವಲ್ಲ! ಮಂಗಳೂರಿನವನು, ಈಗ ಗೋವಾದಲ್ಲಿ ಡ್ರಮ್ಸ್ ನುಡಿಸುತ್ತೇನೆ, ಹಾಗಾಗಿ ಪಕ್ಷಪಾತ ಇದೆ ಅಂತಲೇ ಇಟ್ಟುಕೊಳ್ಳಿ. ಆದರೆ ಮೂರರಲ್ಲಿ ಹಾಡು ಅಂತ ಇರುವುದು ಡೇಲ್ ಅವರದ್ದರಲ್ಲಿ. ಗಿಟಾರ್ ಹಿಡಿದು ತಾವೇ ಹಾಡಿದ್ದಾರೆ. ನಿರ್ವಾಣದ ಮೊದಲ ಆಲ್ಬಂನ ಮೂರು ಹಾಡುಗಳಲ್ಲಿ ಡ್ರಮ್ಸ್ ಇವರದ್ದೇ, ಗೊತ್ತಿರಲಿ.

ನಿಧಾನಕ್ಕೆ ನುಡಿಸುವುದು ಸುಲಭ ಅಂತ ಹೊಸಬರು ಅಂದುಕೊಳ್ಳುತ್ತಾರೆ. ವೇಗದಲ್ಲಿ ಒಂದು ಪೆಟ್ಟು ತಪ್ಪಿದರೆ ಮುಂದಿನದು ಮುಚ್ಚಿಕೊಳ್ಳುತ್ತದೆ. ನಿಧಾನದಲ್ಲಿ ಎರಡು ಪೆಟ್ಟುಗಳ ನಡುವೆ ಬರೀ ಖಾಲಿ ಜಾಗ, ಕೂದಲೆಳೆಯಷ್ಟು ಬೇಗ ಹೊಡೆದರೂ ಇಡೀ ಕೋಣೆಗೆ ಗೊತ್ತಾಗುತ್ತದೆ. ಡೇಲ್ ಆ ಖಾಲಿ ಜಾಗದಲ್ಲಿ ಅವಸರಪಡುವುದೇ ಇಲ್ಲ. ನಾನು ಮೆಟ್ರೊನೋಮ್ (ತಾಳ ಎಣಿಸುವ ಯಂತ್ರ) ನಿಮಿಷಕ್ಕೆ 50 ಪೆಟ್ಟಿಗೆ ಇಟ್ಟು ವರ್ಷಗಟ್ಟಲೆ ಅಭ್ಯಾಸ ಮಾಡಿದರೂ ಆ ತೂಕ ಬಂದಿಲ್ಲ.

ಕೋತ್ರೂಡ್‌ನವರ ತಂಬೂರಿ ಮಾತು ಚೆನ್ನಾಗಿದೆ, ಆದರೆ ಒಪ್ಪುವುದಿಲ್ಲ. ಖಯಾಲ್‌ನಲ್ಲಿ ತಂಬೂರಿಯ ಮೇಲೆ ಹಾಡುವವರು ಒಬ್ಬರು ಇರುತ್ತಾರೆ. ಜೋ ಅವರ ಟ್ರ್ಯಾಕ್‌ನಲ್ಲಿ ಯಾರಿದ್ದಾರೆ?

ಕೋತ್ರೂಡ್ ತಂಬೂರಿ

ಕೇಳುವವರು ಇದ್ದಾರಲ್ಲ. ಅಪ್ಪ ಬೆಳಿಗ್ಗೆ ಬರೀ ತಂಬೂರಿ ಹಿಡಿದು ಅರ್ಧ ಗಂಟೆ ಕೂರುತ್ತಿದ್ದರು, ಒಂದು ಸ್ವರವನ್ನೂ ಹಾಡದೆ. ನನಗೆ ಅದೂ ಸಂಗೀತವೇ.

ಡೊಂಬಿವಲಿ ಸ್ಲೋ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಾಟುಂಗದವರು ಹೇಳಿದ ಹಾಗೆ ಬಜ್ ಅವರದ್ದು ಮೊದಲು, ಆಮೇಲೆ ಡೇಲ್ ಅವರದ್ದು ಕೇಳಿದೆ. ಡೇಲ್ ಅವರದ್ದು ಎರಡು ಸಲ. ಎಲ್ಲರೂ ಮಲಗಿದ ಮೇಲೆ ಫ್ಯಾನ್ ಆಫ್ ಮಾಡಿ ಜೋ ಅವರದ್ದನ್ನು ಪೂರ್ತಿ ಕೇಳಿದೆ. ಬೆವರು ಸುರಿಯುತ್ತಿತ್ತು, ಆದರೆ ಫ್ಯಾನ್ ಸದ್ದು ಬೇಡ ಅನಿಸಿತು. ಇಷ್ಟವಾಯಿತು ಅಂತ ಇನ್ನೂ ಹೇಳಲಾರೆ. ಆದರೆ ಮುಗಿದಾಗ ದೂರದಲ್ಲಿ ಕಲ್ಯಾಣ್ ಕಡೆ ಹೋಗುತ್ತಿದ್ದ ಗೂಡ್ಸ್ ರೈಲಿನ ಸದ್ದನ್ನು ಅದು ಪೂರ್ತಿ ದಾಟುವವರೆಗೆ ಕೇಳುತ್ತಾ ಕೂತಿದ್ದೆ. ಈಗ ಥ್ರೋನ್ಸ್ ಹಾಕುತ್ತೇನೆ.