ಮೆಟ್ರೋನಿಡಜೋಲ್: ಡ್ರಿಪ್‌ನಿಂದ ಮಾತ್ರೆಗೆ ಯಾವಾಗ?

ವಾರ್ಡ್ ಫಾರ್ಮಸಿ, ಮಂಡ್ಯ:
ಅಪೆಂಡಿಕ್ಸ್ ಒಡೆದು ಆಪರೇಷನ್ ಆದವರಿಗೆ ಸೆಫ್ಟ್ರಿಯಾಕ್ಸೋನ್ ಜೊತೆ ಮೆಟ್ರೋನಿಡಜೋಲ್ (ಎರಡೂ ಆಂಟಿಬಯೋಟಿಕ್) 500 ಮಿ.ಗ್ರಾಂ ಬಾಟಲಿ ದಿನಕ್ಕೆ ಮೂರು ಹೋಗ್ತಿದೆ. ಮೂರನೇ ದಿನಕ್ಕೆ ಇಡ್ಲಿ, ಗಂಜಿ ಸೇರ್ತಿದ್ರೂ ಡ್ರಿಪ್ ನಿಲ್ಲಲ್ಲ. ‘ಮಾತ್ರೇಲಿ ಅಷ್ಟು ಪವರ್ ಇರಲ್ಲ’ ಅಂತಾರೆ ಮನೆಯವರು. 400ರ ಮಾತ್ರೆಗೆ ಇಳಿಸಿದ್ರೆ ಔಷಧ ಸಾಲುತ್ತಾ?

ಫಾರ್ಮಕಾಲಜಿ, ಮೈಸೂರು:
ಸಾಲುತ್ತೆ. ಈ ಔಷಧ ಬಾಯಿಂದ ಕೊಟ್ರೆ ಹೆಚ್ಚುಕಮ್ಮಿ ಪೂರ್ತಿ ರಕ್ತಕ್ಕೆ ಸೇರುತ್ತೆ. 1–2 ಗಂಟೇಲಿ ಮಟ್ಟ ತುದಿ ಮುಟ್ಟುತ್ತೆ. ಊಟದ ಜೊತೆ ಕೊಟ್ರೆ ಸ್ವಲ್ಪ ತಡವಾಗುತ್ತೆ, ಕಮ್ಮಿಯಾಗಲ್ಲ. ವಾಂತಿ ಇಲ್ಲ, ಕರುಳು ಕೆಲಸ ಮಾಡ್ತಿದೆ ಅಂದ್ರೆ ಬಾಟಲಿಯಿಂದ ಸಿಗೋದು ಕ್ಯಾನ್ಯುಲಾ (ರಕ್ತನಾಳಕ್ಕೆ ಹಾಕೋ ಕೊಳವೆ) ಜಾಗದ ಊತ ಅಷ್ಟೇ.

ಎಡವೋದು ಬೇರೆ ಕಡೆ. ಮೆಟ್ರೋನಿಡಜೋಲ್ ತಾನಾಗೇ ಬ್ಯಾಕ್ಟೀರಿಯಾಕ್ಕೆ ಏನೂ ಮಾಡಲ್ಲ. ಆಮ್ಲಜನಕ ಇಲ್ಲದೆ ಬದುಕೋ ಬ್ಯಾಕ್ಟೀರಿಯಾದ ಫೆರೆಡಾಕ್ಸಿನ್ ಅನ್ನೋ ಪ್ರೋಟೀನ್ ಔಷಧದ ನೈಟ್ರೋ ಗುಂಪಿಗೆ ಎಲೆಕ್ಟ್ರಾನ್ ಕೊಟ್ಟಾಗಲೇ ವಿಷವಾಗಿ ಡಿಎನ್‌ಎ ಮುರಿಯುತ್ತೆ. ಹಾಗಾಗಿ ಕರುಳಿನ ಬ್ಯಾಕ್ಟೀರಿಯಾದಲ್ಲಿ ಬ್ಯಾಕ್ಟೀರಾಯ್ಡಿಸ್ ಸಾಯುತ್ತೆ, ಇ. ಕೋಲೈ ಸಾಯಲ್ಲ. ಇ. ಕೋಲೈಗೆ ಅಂತ ಕೊಡೋದು ಸೆಫ್ಟ್ರಿಯಾಕ್ಸೋನ್, ಆದ್ರೆ ಅದಕ್ಕೆ ಮಾತ್ರೆ ರೂಪವಿಲ್ಲ. ಅದನ್ನ ನಿಲ್ಲಿಸಿ ಇದೊಂದನ್ನೇ ಬರೆದ್ರೆ ಅರ್ಧ ಸೋಂಕು ಹಾಗೇ ಉಳೀತು. ಬದಲಿ ಮಾತ್ರೆ ಯಾವುದು ಅಂತ ಸರ್ಜನ್‌ರನ್ನ ಕೇಳಿಯೇ ಇಳಿಸಿ.

ಐಸಿಯು, ಮೈಸೂರು:
ಒಂದು ಸೇರಿಸ್ತೀನಿ. ಮೆಟ್ರೋನಿಡಜೋಲ್‌ನ ಅರ್ಧಾಯುಷ್ಯ (ರಕ್ತದಲ್ಲಿ ಮಟ್ಟ ಅರ್ಧಕ್ಕೆ ಇಳಿಯೋ ಹೊತ್ತು) ಸುಮಾರು 8 ಗಂಟೆ. ಲಿವರ್‌ನಲ್ಲಿ ಹುಟ್ಟೋ ಅದರ ಹೈಡ್ರಾಕ್ಸಿ ರೂಪವೂ ಕೆಲಸ ಮಾಡುತ್ತೆ, ಇನ್ನೂ ಹೆಚ್ಚು ಹೊತ್ತು ಉಳಿಯುತ್ತೆ. ಅದಕ್ಕೇ ಕೆಲವು ಕಡೆ 500 ಅನ್ನ 12 ಗಂಟೆಗೊಮ್ಮೆ ಕೊಡ್ತಾರೆ. ಆದ್ರೆ ಅದು ಆಸ್ಪತ್ರೆಯವರು ಕೂತು ತೀರ್ಮಾನಿಸೋ ಮಾತು. 1-1-1 ಚೀಟೀನ ಕೌಂಟರ್‌ನಲ್ಲಿ 1-0-1 ಮಾಡೋಕೆ ನೆಪ ಅಲ್ಲ. ಲಿವರ್ ತೀರಾ ಕೆಟ್ಟಿದ್ರೆ ಔಷಧ ಶೇಖರವಾಗುತ್ತೆ, ಡೋಸ್ ಇಳಿಸಲೇಬೇಕು.

ಮೆಡಿಕಲ್ ಸ್ಟೋರ್, ಮದ್ದೂರು:
ಡಿಸ್ಚಾರ್ಜ್ ದಿನ ಹೇಳಬೇಕಾದ್ದು: ಬಾಯಲ್ಲಿ ತಾಮ್ರದ ಕಾಸು ಇಟ್ಟಂಗೆ ರುಚಿ, ಮೂತ್ರ ಕಂದು — ಎರಡಕ್ಕೂ ಹೆದರಬೇಕಿಲ್ಲ. ಎಣ್ಣೆ (ಮದ್ಯ) ಮಾತ್ರೆ ಕೋರ್ಸ್ ಮುಗಿದು 3 ದಿನ ಆಗೋವರೆಗೂ ಬೇಡ. ‘ಕುಡಿಯಲ್ಲ’ ಅನ್ನೋರನ್ನೂ ಅರಿಷ್ಟ ತಗೋತಿದ್ದೀರಾ ಅಂತ ಕೇಳಿ, ಬಾಣಂತಿಯರಾದ್ರೆ ಖಂಡಿತ. ದಶಮೂಲಾರಿಷ್ಟ ಹುದುಗಿ ಆದದ್ದು, ಅದರಲ್ಲೂ ಆಲ್ಕೋಹಾಲ್ ಇರುತ್ತೆ.

ಹೃದಯಕ್ಕೆ ವಾಲ್ವ್ ಹಾಕಿಸ್ಕೊಂಡು ವಾರ್ಫರಿನ್ (ರಕ್ತ ಹೆಪ್ಪುಗಟ್ಟದ ಹಾಗೆ ಕೊಡೋ ಮಾತ್ರೆ) ನುಂಗೋರು ಬಂದ್ರೆ ಮಾತ್ರೆ ಕೊಡೋಕೆ ಮುಂಚೆ ಡಾಕ್ಟ್ರಿಗೆ ಫೋನ್ ಮಾಡಿ. ಲಿವರ್ ವಾರ್ಫರಿನ್ ಅನ್ನ ಒಡೆದುಹಾಕೋದನ್ನ ಮೆಟ್ರೋನಿಡಜೋಲ್ ತಡೆಯುತ್ತೆ, ಕೆಲವೇ ದಿನದಲ್ಲಿ ಐಎನ್‌ಆರ್ (ರಕ್ತ ಹೆಪ್ಪುಗಟ್ಟೋಕೆ ಎಷ್ಟು ತಡವಾಗುತ್ತೆ ಅನ್ನೋ ಅಳತೆ) ಏರುತ್ತೆ.

ವಾರ್ಡ್ ಫಾರ್ಮಸಿ, ಮಂಡ್ಯ:
ಸೆಫ್ಟ್ರಿಯಾಕ್ಸೋನ್ ವಿಷಯ ತಲೆಗೇ ಬಂದಿರಲಿಲ್ಲ. ನಾಳೆ ರೌಂಡ್ಸ್‌ನಲ್ಲಿ ಎರಡನ್ನೂ ಒಟ್ಟಿಗೆ ಕೇಳ್ತೀನಿ.