ನಿಶಿಯೋಕಾ ಅಮೆರಿಕದಲ್ಲಿ ಯಾಕೆ ನಿಲ್ಲಲಿಲ್ಲ?

ಹೊಸ_ಪ್ರೇಕ್ಷಕ:
ಬೇಸ್‌ಬಾಲ್ ನೋಡೋಕೆ ಶುರು ಮಾಡಿ ಎರಡು ವರ್ಷ ಆಯ್ತು. ತ್ಸುಯೋಶಿ ನಿಶಿಯೋಕಾ 2010ರಲ್ಲಿ ಜಪಾನಿನ ಚಿಬಾ ಲೊಟ್ಟೆ ತಂಡದ ಶಾರ್ಟ್‌ಸ್ಟಾಪ್, ಅಂದ್ರೆ ಎರಡನೇ ಮತ್ತು ಮೂರನೇ ಬೇಸ್ ನಡುವೆ ನಿಲ್ಲುವ ಫೀಲ್ಡರ್. ಆ ವರ್ಷ 206 ಹಿಟ್ (ಚೆಂಡು ಹೊಡೆದು ಬೇಸ್ ತಲುಪಿದ್ದು), ಸರಾಸರಿ 0.346, ಅಂದ್ರೆ ನೂರು ಸಲ ಬ್ಯಾಟ್ ಹಿಡಿದರೆ ಸುಮಾರು 35 ಹಿಟ್. ಅಮೆರಿಕದ ಮಿನ್ನೆಸೋಟ ಟ್ವಿನ್ಸ್ ತಂಡಕ್ಕೆ ಬಂದ ಮೇಲೆ ಬರೀ 71 ಪಂದ್ಯ, 0.215. ಏನಾಯ್ತು ಅವನಿಗೆ?

ಮಿನಿಯಾಪೊಲಿಸ್_ಮಾಮ:
ಆಗ ನಾನು ಮಿನಿಯಾಪೊಲಿಸ್‌ನಲ್ಲೇ ಇದ್ದೆ. 2011ರ ಏಪ್ರಿಲ್ 7, ನ್ಯೂಯಾರ್ಕ್‌ನಲ್ಲಿ ಯಾಂಕೀಸ್ ಜೊತೆ ಪಂದ್ಯ. ಸೀಸನ್ ಶುರುವಾಗಿ ವಾರ ಆಗಿತ್ತು ಅಷ್ಟೆ. ಅವತ್ತು ಅವನನ್ನು ಸೆಕೆಂಡ್ ಬೇಸ್‌ನಲ್ಲಿ ನಿಲ್ಲಿಸಿದ್ದರು. ಡಬಲ್ ಪ್ಲೇ (ಒಂದೇ ಹೊಡೆತಕ್ಕೆ ಇಬ್ಬರನ್ನು ಔಟ್ ಮಾಡೋದು) ಮಾಡೋಕೆ ಹೋದಾಗ, ಆ ಬೇಸ್‌ಗೆ ಓಡಿ ಬರ್ತಿದ್ದ ಯಾಂಕೀಸ್‌ನ ನಿಕ್ ಸ್ವಿಷರ್ ಜೋರಾಗಿ ಜಾರಿಕೊಂಡು ಬಂದು ಅವನ ಕಾಲಿಗೇ ಬಡಿದ. ಎಡಗಾಲಿನ ಮೂಳೆ ಮುರೀತು. ಟಿವಿ ಮುಂದೆ ಕೂತಿದ್ದ ನಾನು ಎದ್ದು ನಿಂತುಬಿಟ್ಟೆ.

ಜೂನ್‌ನಲ್ಲಿ ವಾಪಸ್ ಬಂದ, ಶಾರ್ಟ್‌ಸ್ಟಾಪ್ ಆಗಿ. ಆದರೆ ಹಳೇ ಚುರುಕು ಕಾಣಲಿಲ್ಲ. ಚೆಂಡಿನ ಹತ್ತಿರ ಹೋಗೋಕೇ ಅರ್ಧ ಕ್ಷಣ ಜಾಸ್ತಿ ಹಿಡೀತಿತ್ತು. 2012ರಲ್ಲಿ ಮೈನರ್ ಲೀಗ್‌ಗೆ, ಅಂದ್ರೆ ಕೆಳಗಿನ ದರ್ಜೆಯ ಲೀಗ್‌ಗೆ ಕಳಿಸಿದರು. ಮೇಲೆ ಬಂದು ಆಡಿದ್ದು 3 ಪಂದ್ಯ, 12 ಸಲ ಬ್ಯಾಟ್ ಹಿಡಿದು ಒಂದೂ ಹಿಟ್ ಇಲ್ಲ.

ಕವರ್_ಡ್ರೈವ್:
ಹಾಗಾದ್ರೆ ತಪ್ಪು ಸ್ವಿಷರ್‌ದೇ ಅಲ್ವಾ?

ಮಿನಿಯಾಪೊಲಿಸ್_ಮಾಮ:
ಇಲ್ಲ. ಸ್ವಿಷರ್ ತಪ್ಪಿಲ್ಲ ಅಂತ ನಿಶಿಯೋಕಾನೇ ಹೇಳಿದ. ಅಮೆರಿಕದಲ್ಲಿ ಆಗ ಡಬಲ್ ಪ್ಲೇ ತಪ್ಪಿಸೋಕೆ ಹಾಗೆ ಜಾರೋದು ಮಾಮೂಲು. ಅಲ್ಲಿ ಬೆಳೆದ ಹುಡುಗರು ಎಸೆಯುತ್ತಲೇ ಮೇಲೆ ಹಾರಿ ಕಾಲು ಉಳಿಸಿಕೊಳ್ಳೋದನ್ನ ಚಿಕ್ಕಂದಿನಲ್ಲೇ ಕಲಿತಿರ್ತಾರೆ. ಅವನಿಗೆ ಅದು ರೂಢಿ ಇರಲಿಲ್ಲ.

ಕವರ್_ಡ್ರೈವ್:
ಈಗ ರೂಲ್ ಬದಲಾಗಿದೆ. 2015ರ ಪ್ಲೇಆಫ್‌ನಲ್ಲಿ ಚೇಸ್ ಅಟ್ಲಿ ಜಾರಿ ಬಂದು ಶಾರ್ಟ್‌ಸ್ಟಾಪ್ ರೂಬೆನ್ ತೆಹಾಡನ ಕಾಲು ಮುರಿದ ಮೇಲೆ, 2016ರಿಂದ ಓಡುವವನು ಬೇಸ್ ಕಡೆಗೇ ಜಾರಬೇಕು.

ಹೊಸ_ಪ್ರೇಕ್ಷಕ:
ಜಪಾನಿನಲ್ಲಿ ಅವನು ಆಡ್ತಿದ್ದದ್ದು ಕೃತಕ ಹುಲ್ಲಿನ ಮೇಲೆ, ಟ್ವಿನ್ಸ್ ಮೈದಾನದಲ್ಲಿ ನಿಜವಾದ ಹುಲ್ಲು. ಚೆಂಡು ಬರುವ ರೀತಿಯೇ ಬೇರೆ, ಅಲ್ವಾ?

ಮಿನಿಯಾಪೊಲಿಸ್_ಮಾಮ:
ಹೌದು, ಪುಟಿತ ಒಂದೇ ಥರ ಇರಲ್ಲ. ಅದಕ್ಕೆ ಸರಿಯಾಗಿ ಹೊಂದಿಕೊಳ್ಳೋ ಮೊದಲೇ ಕಾಲು ಮುರೀತು.

ಇನ್ನೊಂದು ವಿಷಯ. ಅವನದು ಮೂರು ವರ್ಷದ ಒಪ್ಪಂದ. ಸುಮ್ನೆ ಕೂತಿದ್ದರೂ 2013ರ ಸಂಬಳ ಬರ್ತಿತ್ತು. 2012ರ ಸೆಪ್ಟೆಂಬರ್‌ನಲ್ಲಿ ತಾನೇ ಬಿಡುಗಡೆ ಕೇಳಿ, ಆ ದುಡ್ಡು ಬಿಟ್ಟು ಊರಿಗೆ ಹೋದ. ಮುಂದಿನ ವರ್ಷ ಜಪಾನಿನ ಹನ್ಶಿನ್ ಟೈಗರ್ಸ್ ತಂಡಕ್ಕೆ ಆಡಿದ. 0.215 ಅಂತ ಎಲ್ಲಾದರೂ ಕಂಡಾಗ ನನಗೆ ನೆನಪಾಗೋದು ಇದೇ.