ಕ್ರುಸೇಡ್ ಇತಿಹಾಸ ಎಲ್ಲಿಂದ ಓದಲಿ? ಓದಿದವರು ಹೇಳಿ

ಎರಡು ವಾರದಿಂದ ಕ್ರುಸೇಡ್‌ಗಳ (ಮಧ್ಯಯುಗದಲ್ಲಿ ಪೋಪನ ಕರೆಯ ಮೇಲೆ ಯುರೋಪಿನ ಕ್ರೈಸ್ತರು ನಡೆಸಿದ ಧರ್ಮಯುದ್ಧಗಳ) ಬಗ್ಗೆ ಓದುತ್ತಿದ್ದೇನೆ. ಒಂದನೆಯದು, ಎರಡನೆಯದು ಎಂದು ಎಣಿಸುತ್ತಾ ನಾಲ್ಕಕ್ಕೆ ಬರುವಷ್ಟರಲ್ಲಿ ಮೊದಲಿನದು ಮರೆತಿರುತ್ತದೆ. ಜೆರುಸಲೇಮಿನ ರಾಜರಲ್ಲೇ ಐದು ಜನ ಬಾಲ್ಡ್ವಿನ್! ನೀವೆಲ್ಲ ಹೇಗೆ ದಾರಿ ಮಾಡಿಕೊಂಡಿರಿ?

*

ನಾನೂ ಅಲ್ಲೇ ಎಡವಿದ್ದೆ. ಕೊನೆಗೆ ನಂಬರ್ ಬಿಟ್ಟು ಜೆರುಸಲೇಮ್ ಒಂದನ್ನೇ ಹಿಡಿದುಕೊಂಡೆ. ಊರು ಈಗ ಯಾರ ಕೈಯಲ್ಲಿದೆ? ಅಷ್ಟೇ ಪ್ರಶ್ನೆ. 1095ರಲ್ಲಿ ಪೋಪ್ ಎರಡನೇ ಅರ್ಬನ್ ಕರೆ ಕೊಟ್ಟ. 1099ರ ಜುಲೈ 15ಕ್ಕೆ ಊರು ಕ್ರುಸೇಡರ್‌ಗಳ ವಶ, ಒಳಗಿದ್ದ ಮುಸ್ಲಿಮರು, ಯಹೂದಿಗಳ ಕಗ್ಗೊಲೆ. 1187ರಲ್ಲಿ ಮುಸ್ಲಿಂ ಸುಲ್ತಾನ ಸಲಾದಿನ್ ವಾಪಸ್ ಪಡೆದ. ಅವನು ಕೊಲ್ಲಿಸಲಿಲ್ಲ, ತಲೆಗಿಷ್ಟು ಎಂದು ಬಿಡುಗಡೆ ಹಣ ಕೇಳಿದ. ಹಣ ಇಲ್ಲದ ಸಾವಿರಾರು ಜನ ಗುಲಾಮರಾದರು. 1229ರಲ್ಲಿ ಪವಿತ್ರ ರೋಮನ್ ಚಕ್ರವರ್ತಿ ಎರಡನೇ ಫ್ರೆಡರಿಕ್ ಯುದ್ಧವೇ ಮಾಡದೆ, ಈಜಿಪ್ಟಿನ ಸುಲ್ತಾನ ಅಲ್-ಕಾಮಿಲ್ ಜೊತೆ ಮಾತಾಡಿ ಊರು ಪಡೆದ. ತಮಾಷೆ ಅಂದರೆ ಆಗ ಅವನಿಗೆ ಪೋಪನ ಬಹಿಷ್ಕಾರ ಬಿದ್ದಿತ್ತು! 1244ಕ್ಕೆ ಮತ್ತೆ ಕ್ರೈಸ್ತರ ಕೈಬಿಟ್ಟಿತು. ಊರು ಕೈ ಬದಲಾದ ಈ ನಾಲ್ಕು ಇಸವಿ (1099, 1187, 1229, 1244) ಬರೆದು ಗೋಡೆಗೆ ಅಂಟಿಸಿದ್ದೆ.

*

ಮೇಲಿನವರ ದಾರಿ ಸರಿ. ಆದರೆ ನಾಲ್ಕನೆಯ ಕ್ರುಸೇಡ್ ಅದರಲ್ಲಿ ಸಿಗೋದೇ ಇಲ್ಲ, ಅದು ಜೆರುಸಲೇಮಿಗೆ ಹೋಗಲೇ ಇಲ್ಲವಲ್ಲ. ನಾನು ದುಡ್ಡಿನ ಲೆಕ್ಕ ಹಿಡಿದು ಓದಿದೆ (ಬ್ಯಾಂಕ್ ಕೆಲಸ, ಅಭ್ಯಾಸಬಲ). 1201ರಲ್ಲಿ ಕ್ರುಸೇಡರ್‌ಗಳು ವೆನಿಸ್ ಜೊತೆ ಮಾಡಿಕೊಂಡ ಒಪ್ಪಂದ: 33,500 ಜನ, 4,500 ಕುದುರೆ, ಸಾಗಿಸಲು 85,000 ಬೆಳ್ಳಿ ಮಾರ್ಕ್. ವೆನಿಸ್ ಹಡಗು ಕಟ್ಟಿ ನಿಲ್ಲಿಸಿತು. ಮದುವೆಗೆ ಸಾವಿರ ಜನಕ್ಕೆ ಅಡುಗೆ ಮಾಡಿಸಿ ಮುನ್ನೂರು ಎಲೆ ಬಿದ್ದ ಹಾಗೆ, ಬಂದವರು ಮೂರರಲ್ಲಿ ಒಂದು ಪಾಲು. 34,000 ಮಾರ್ಕ್ ಬಾಕಿ. ವೆನಿಸ್ಸಿನ ದೊರೆ ಎನ್ರಿಕೊ ದಂಡೊಲೊ, ಕಣ್ಣು ಕಾಣದ ಮುದುಕ, ಸಾಲಕ್ಕೆ ಗಡುವು ಕೊಡಬೇಕಾದರೆ ಜಾರಾ ಪಟ್ಟಣ (ಈಗ ಕ್ರೊಯೇಷಿಯಾದಲ್ಲಿದೆ) ಗೆದ್ದುಕೊಡಿ ಎಂದ. ಅದೂ ಕ್ಯಾಥೊಲಿಕ್ ಊರೇ! ಗೆದ್ದರು. ಆಮೇಲೆ ಪಟ್ಟ ಕಳೆದುಕೊಂಡ ಬೈಜಾಂಟಿಯಂ (ಪೂರ್ವ ರೋಮನ್ ಸಾಮ್ರಾಜ್ಯ) ಚಕ್ರವರ್ತಿಯ ಮಗ ಅಲೆಕ್ಸಿಯಸ್, ಪಟ್ಟ ಕೊಡಿಸಿದರೆ 2,00,000 ಮಾರ್ಕ್ ಎಂದು ಆಸೆ ತೋರಿಸಿದ. ಪಟ್ಟ ಸಿಕ್ಕಿತು, ಪೂರ್ತಿ ಹಣ ಬರಲಿಲ್ಲ. 1204ರ ಏಪ್ರಿಲ್‌ನಲ್ಲಿ ಆ ಸಾಮ್ರಾಜ್ಯದ ರಾಜಧಾನಿ ಕಾನ್‌ಸ್ಟಾಂಟಿನೋಪಲ್ (ಈಗಿನ ಇಸ್ತಾಂಬುಲ್) ಮೂರು ದಿನ ಲೂಟಿಯಾಯಿತು. ಶಾಲೆಯಲ್ಲಿ ತುರ್ಕರು ಆ ಊರು ಗೆದ್ದ 1453 ಬಾಯಿಪಾಠ ಮಾಡಿಸಿದರು, 1204ರ ಸುದ್ದಿಯೇ ಇರಲಿಲ್ಲ, ಅಲ್ವಾ?

ವೆನಿಸ್‌ಗೆ ಹೋದರೆ ಸೇಂಟ್ ಮಾರ್ಕ್ ಚರ್ಚಿನ ನಾಲ್ಕು ಕುದುರೆ ನೋಡಿ. ಹೊರಗಿರುವುದು ನಕಲು. ಲೂಟಿಯಲ್ಲಿ ತಂದದ್ದು ಒಳಗಿದೆ. ಹತ್ತಿರ ನಿಂತರೆ ಚಿನ್ನದ ಲೇಪದ ಮೇಲೆ ಮೈತುಂಬಾ ಸಣ್ಣ ಗೀರುಗಳು. ನಾನು ಅರ್ಧ ಗಂಟೆ ಸುಮ್ನೆ ನಿಂತಿದ್ದೆ.

*

ಒಂದು ಎಚ್ಚರಿಕೆ. 1209ರಲ್ಲಿ ದಕ್ಷಿಣ ಫ್ರಾನ್ಸಿನ ಬೆಜಿಯೆ ಊರಲ್ಲಿ ಕ್ಯಾಥರ್ ಪಂಥದವರ (ಚರ್ಚ್ ಧರ್ಮದ್ರೋಹಿಗಳು ಎಂದ ಕ್ರೈಸ್ತರು) ಮೇಲಿನ ಕ್ರುಸೇಡ್‌ನಲ್ಲಿ, ಎಲ್ಲರನ್ನೂ ಕೊಲ್ಲಿ, ತನ್ನವರು ಯಾರೆಂದು ದೇವರಿಗೆ ಗೊತ್ತು ಎಂದು ಪೋಪನ ಪ್ರತಿನಿಧಿ ಹೇಳಿದನಂತೆ. ನಾನಿದನ್ನು ಒಂದು ಭಾಷಣದಲ್ಲಿ ಜೋರಾಗಿ ಹೇಳಿ ಸಿಕ್ಕಿಬಿದ್ದೆ. ಬರೆದವನು ಜರ್ಮನಿಯ ಒಬ್ಬ ಸನ್ಯಾಸಿ, ಅದೂ ಹತ್ತು ವರ್ಷಕ್ಕೂ ಜಾಸ್ತಿ ಕಳೆದ ಮೇಲೆ. ಕೊಲೆ ನಡೆದದ್ದು ನಿಜ, ಆ ಮಾತು ಅನುಮಾನ.

*

ಲೆಕ್ಕದ ದಾರಿಯನ್ನೇ ಹಿಡಿಯುತ್ತೇನೆ. ಆ ದಂಡೊಲೊ ಊರಿಗೆ ವಾಪಸ್ ಬಂದನಾ?

*

ಇಲ್ಲ. 1205ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲೇ ತೀರಿಕೊಂಡ. ಅಲ್ಲಿ ಆಗ ದೊಡ್ಡ ಚರ್ಚಾಗಿದ್ದ ಹಾಗಿಯಾ ಸೋಫಿಯಾದ ಮೇಲಂತಸ್ತಿನಲ್ಲಿ ಅವನ ಹೆಸರು ಕೆತ್ತಿದ ಕಲ್ಲಿದೆ. ಅದನ್ನು ಹಾಕಿದ್ದು 19ನೇ ಶತಮಾನದಲ್ಲಿ.